ಡಿಸ್ಪೋಸಲ್ ಜೀಪು: ಕಬ್ಬಿಣಕ್ಕಿಂತ ಮೊದಲು ಕಾಗದ ನೋಡಿ

"ಮಿಲಿಟರಿಯ ಜೀಪು ಕಮ್ಮಿಗೆ ಸಿಗ್ತದಂತೆ, ಹೌದಾ?" ನಮ್ಮ ಅಂಗಳಕ್ಕೆ ಜಿಪ್ಸಿ ಬಂದ ಮೇಲೆ ಹೀಗೆ ಕೇಳಿದವರು ಕಮ್ಮಿಯೆಂದರೂ ಮೂವತ್ತು ಮಂದಿ. ಮದುವೆ ಮನೆಯ ಪಂಕ್ತಿಯಲ್ಲಿ, ಸೊಸೈಟಿಯಲ್ಲಿ, ಅಡಿಕೆ ಅಂಗಡಿಯಲ್ಲಿ ಎಲ್ಲ ಕಡೆ ಇದೇ ಪ್ರಶ್ನೆ. ನಿಂತ ನಿಲುವಿನಲ್ಲಿ ಉತ್ತರ ಹೇಳಿ ಮುಗಿಯುವುದಿಲ್ಲ. ಸಿಗುವುದು ಹೌದು. ಕಮ್ಮಿಗೆ ಎಂಬುದು ಅರ್ಧ ನಿಜ. ಉಳಿದರ್ಧಕ್ಕೆ ಬೆಲೆ ಕೊಟ್ಟವರು ನಮ್ಮ ಆಸುಪಾಸಿನಲ್ಲೇ ಇದ್ದಾರೆ.

ನಮ್ಮದು ಸುಳ್ಯ ತಾಲೂಕಿನ ಘಟ್ಟದ ಬುಡ. ಡಾಮರು ರಸ್ತೆ ಬಿಟ್ಟ ಮೇಲೆ ಎರಡೂವರೆ ಕಿಲೋಮೀಟರ್ ಮಣ್ಣಿನ ದಾರಿ, ಅದರಲ್ಲಿ ಎರಡು ಏರು, ಒಂದು ತೋಡು. ಈ ದಾರಿಯಲ್ಲಿ ಮೂರು ಮನೆ, ಮೂರೂ ಸೇರಿ ಏಳು ಎಕ್ರೆ ಅಡಿಕೆ ತೋಟ. ಮಳೆಗಾಲದಲ್ಲಿ ಬಾಡಿಗೆ ರಿಕ್ಷಾ ಬುಡದಲ್ಲೇ ನಿಲ್ಲುತ್ತದೆ. ಬಾಡಿಗೆ ಜೀಪಿನವರು ಹಗಲು ಬರುತ್ತಾರೆ, ರಾತ್ರಿ ಫೋನ್ ಎತ್ತುವುದಿಲ್ಲ. ಗೊಬ್ಬರ ತಲೆಹೊರೆಯಲ್ಲಿ ತರಬಹುದು, ಕಾಯಿಲೆಯವರನ್ನು ಹಾಗೆ ಸಾಗಿಸಲಿಕ್ಕಾಗುವುದಿಲ್ಲ. ಹಾಗಾಗಿ 2024ರಲ್ಲಿ ಮೂರು ಮನೆಯವರು ಸೇರಿ ಸೇನೆಯಿಂದ ಹೊರಬಿದ್ದ ಒಂದು ಜಿಪ್ಸಿ ತೆಗೆದುಕೊಂಡೆವು. ತೆಗೆದುಕೊಳ್ಳುವ ಮೊದಲು ಹೆಚ್ಚುಕಮ್ಮಿ ಒಂದು ವರ್ಷ ವಿಚಾರಣೆಯೇ ಆಯಿತು. ಆಗ ತಿಳಿದುಕೊಂಡದ್ದು, ಆಮೇಲೆ ಓಡಿಸಿ ಕಂಡದ್ದು ಎರಡನ್ನೂ ಇಲ್ಲಿ ಬರೆಯುತ್ತೇನೆ.

ಯಾವ ಗಾಡಿ ನಮಗೆ ಹೊಂದುತ್ತದೆ?

ಡಿಸ್ಪೋಸಲ್ ಗಾಡಿ ನಮ್ಮ ಮಲೆನಾಡಿಗೆ ಹೊಸದಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ, 1941ರಿಂದ 1945ರ ತನಕ, ಅಮೆರಿಕದಲ್ಲಿ ವಿಲ್ಲಿಸ್ ಮತ್ತು ಫೋರ್ಡ್ ಕಂಪೆನಿಗಳು ಸೇರಿ ಆರು ಲಕ್ಷಕ್ಕೂ ಮಿಕ್ಕಿ ಜೀಪು ಮಾಡಿದವು. ಯುದ್ಧ ಮುಗಿದಾಗ ಮಿಕ್ಕಿದ್ದವು ದೇಶ ದೇಶಗಳಲ್ಲಿ ಸಾಮಾನ್ಯ ಜನರ ಕೈಸೇರಿದವು, ಭಾರತದಲ್ಲೂ ಹಾಗೆಯೇ. ಎಸ್ಟೇಟಿನವರಿಗೆ ಜೀಪಿನ ರುಚಿ ಹತ್ತಿದ್ದು ಆಗ. 1947ರಲ್ಲಿ ಮಹೀಂದ್ರದವರು ವಿಲ್ಲಿಸ್ ಜೀಪಿನ ಬಿಡಿಭಾಗ ತರಿಸಿ ಇಲ್ಲಿ ಜೋಡಿಸಲು ಶುರು ಮಾಡಿದರು. ನಮ್ಮಲ್ಲಿ ಇಂದಿಗೂ ನಾಲ್ಕು ಚಕ್ರ ಎಳೆಯುವ ಗಾಡಿಗೆಲ್ಲ "ಜೀಪು" ಎಂದೇ ಹೆಸರು.

ಸೇನೆಯಿಂದ ಹೊರಬರುವ ಗಾಡಿಗಳಲ್ಲಿ ದೊಡ್ಡದು ಶಕ್ತಿಮಾನ್ ಲಾರಿ. ಜರ್ಮನಿಯ ಮಾನ್ ಕಂಪೆನಿಯ ನಮೂನೆಯಲ್ಲಿ ಜಬಲ್ಪುರದಲ್ಲಿ ತಯಾರಾದದ್ದು. ಮರದ ದಿಮ್ಮಿ ಎಳೆಯುವವರಿಗೆ ಅದು ಸರಿ, ಮೂರು ಎಕ್ರೆಯವನಿಗೆ ಅದನ್ನು ತಿರುಗಿಸಲಿಕ್ಕೂ ಜಾಗ ಇಲ್ಲ.

ಇನ್ನೊಂದು ಜೊಂಗಾ. ಹೆಸರು ಕೇಳಿ ಆಫ್ರಿಕದ್ದೋ ಅಂದುಕೊಳ್ಳುವವರಿದ್ದಾರೆ. ಜಬಲ್ಪುರ್ ಆರ್ಡ್‌ನೆನ್ಸ್ ಆಂಡ್ ಗನ್ ಕ್ಯಾರೇಜ್ ಅಸೆಂಬ್ಲಿ ಎಂಬ ಉದ್ದ ಹೆಸರಿನ ಮೊದಲ ಅಕ್ಷರಗಳನ್ನು ಹೆಕ್ಕಿ ಇಟ್ಟ ಹೆಸರು ಅದು. ಜಪಾನಿನ ನಿಸ್ಸಾನ್ ಪ್ಯಾಟ್ರೋಲ್ ಗಾಡಿಯ ನಮೂನೆ, ಆರು ಸಿಲಿಂಡರಿನ ಸುಮಾರು 4 ಲೀಟರ್ ಪೆಟ್ರೋಲ್ ಎಂಜಿನ್. ಎಂಥ ಏರಿಗೂ ಅಂಜದ ಗಾಡಿ, ಅದರಲ್ಲಿ ಸಂಶಯವಿಲ್ಲ. ಆದರೆ ಲೀಟರಿಗೆ ನಾಲ್ಕೈದು ಕಿಲೋಮೀಟರ್ ಓಡಿದರೆ ಪುಣ್ಯ. ಬಿಡಿಭಾಗಕ್ಕೆ ಗುಜರಿ ಅಂಗಡಿ ಸುತ್ತಬೇಕು. ಜೊಂಗಾ ಇಟ್ಟವರನ್ನು ನಾನು ಕಂಡಿದ್ದೇನೆ, ಅವರಿಗೆ ಗಾಡಿಯ ಮೇಲೆ ಪ್ರೀತಿ ಇದೆ, ಬೇರೆ ಆದಾಯವೂ ಇದೆ. ಎರಡೂ ಇದ್ದರೆ ಇಟ್ಟುಕೊಳ್ಳಲಿ.

ಸಣ್ಣ ಕೃಷಿಕರಿಗೆ ಸರಿಹೊಂದುವುದು ಮಾರುತಿ ಜಿಪ್ಸಿಯೇ. 1985ರಲ್ಲಿ ಬಂದದ್ದು, 1996ರಲ್ಲಿ 1300 ಸಿ.ಸಿ.ಯ ಕಿಂಗ್ ಬಂತು, 2000ದಲ್ಲಿ ಕಾರ್ಬೊರೇಟರ್ ಹೋಗಿ ಎಂ.ಪಿ.ಎಫ್.ಐ. ಆಯಿತು. 2019ರ ಹೊತ್ತಿಗೆ ಜನರಿಗೆ ಮಾರುವುದು ನಿಂತಿತು. ಆದರೆ ಸೇನೆಯಲ್ಲಿ ಸಾವಿರಗಟ್ಟಲೆ ಜಿಪ್ಸಿ ಓಡಿದ ಕಾರಣ ಬಿಡಿಭಾಗಕ್ಕೆ ಬರವಿಲ್ಲ. ತೂಕ ಕಮ್ಮಿ, ಕೆಸರಲ್ಲಿ ಹೂತರೆ ನಾಲ್ಕು ಜನ ಸೇರಿ ಎತ್ತಿ ಈಚೆ ಇಡಬಹುದು. ನಾಲ್ಕೂ ಕಡೆ ಲೀಫ್ ಸ್ಪ್ರಿಂಗ್ ಪಟ್ಟಿ. ಸೊಂಟಕ್ಕೆ ಸುಖವಿಲ್ಲ, ಊರಿನ ಯಾವ ಮೆಕ್ಯಾನಿಕ್ ಬೇಕಾದರೂ ಬಿಚ್ಚಿ ಕಟ್ಟುತ್ತಾನೆ. ಡ್ರೈವರನ್ನು ಬಿಟ್ಟು ಐದು ಚೀಲ ಒಣ ಅಡಿಕೆ ಹಾಕುತ್ತೇವೆ. ಅದಕ್ಕಿಂತ ಹೆಚ್ಚು ಹೇರುವವರಿದ್ದಾರೆ, ಅವರ ಸ್ಪ್ರಿಂಗ್ ಪಟ್ಟಿಯೂ ತುಂಡಾಗುತ್ತಿರುತ್ತದೆ.

ಸೇನೆಯಿಂದ ಹೇಗೆ ಹೊರಬರುತ್ತದೆ

ಸೇನೆ ಗಾಡಿಯನ್ನು ಕಂಡವರಿಗೆ ಮಾರುವುದಿಲ್ಲ. ಬಳಕೆಗೆ ಸಾಲದು ಎಂದು ತೀರ್ಮಾನವಾದ ಗಾಡಿಗಳನ್ನು ಡಿಪೋಗಳಲ್ಲಿ ಲಾಟ್ ಲಾಟ್ ಮಾಡಿ ಹರಾಜಿಗೆ ಇಡುತ್ತಾರೆ. ಈಗ ಹರಾಜು ಹೆಚ್ಚಾಗಿ ಎಂ.ಎಸ್.ಟಿ.ಸಿ. ಎಂಬ ಕೇಂದ್ರ ಸರಕಾರದ ಸಂಸ್ಥೆಯ ಮೂಲಕ ಕಂಪ್ಯೂಟರಿನಲ್ಲೇ ಆಗುತ್ತದೆ. ಹೆಸರು ನೋಂದಾಯಿಸಿ, ಠೇವಣಿ ಕಟ್ಟಿ ಬಿಡ್ ಮಾಡಬೇಕು. ಗಾಡಿ ಇದ್ದಲ್ಲಿಯೇ, ಇದ್ದ ಹಾಗೆಯೇ ಎಂಬುದು ಷರತ್ತು. ಬಿಡ್ ಹಿಡಿದ ಮೇಲೆ ಎಂಜಿನ್ ಇಲ್ಲ, ಟಯರ್ ಇಲ್ಲ ಎಂದು ತಕರಾರು ಮಾಡುವ ಹಾಗಿಲ್ಲ. ನಿಗದಿಯಾದ ದಿನದೊಳಗೆ ಎತ್ತಿಕೊಂಡು ಹೋಗದಿದ್ದರೆ ನೆಲಬಾಡಿಗೆ ಬೀಳುತ್ತದೆ. ಹತ್ತಾರು ಗಾಡಿಯ ಲಾಟ್ ಹಿಡಿಯುವುದು ದೊಡ್ಡ ಗುಜರಿ ವ್ಯಾಪಾರಿಗಳಿಗೆ ಆಗುವ ಕೆಲಸ. ನಮ್ಮಂಥವರ ಕೈಗೆ ಗಾಡಿ ಬರುವುದು ಅವರಿಂದ ಎರಡನೇ, ಮೂರನೇ ಕೈಯಲ್ಲಿ. ಎಡವಟ್ಟು ಆಗುವುದೂ ಅಲ್ಲಿಯೇ.

ಹರಾಜಿನ ಪಟ್ಟಿಯಲ್ಲಿ ಒಂದು ಗಾಡಿ "ಗುಜರಿ" ಎಂದು ಮಾರಾಟವಾಗಿದ್ದರೆ ಅದು ಕಬ್ಬಿಣದ ಲೆಕ್ಕಕ್ಕೆ ಸೇರಿದ್ದು. ಅದಕ್ಕೆ ಬಣ್ಣ ಬಳಿದು, ಎಂಜಿನ್ ಹಾಕಿ, ನಿಮ್ಮ ಮನೆಯ ಏರು ಹತ್ತಿಸಿ ತೋರಿಸಿದರೂ ಅದು ಕಾನೂನಿನಲ್ಲಿ ಜೀಪಲ್ಲ.

ಮಾಜಿ ಸೈನಿಕರಿಗೆ, ಸೇವೆಯಲ್ಲಿದ್ದಾಗ ತೀರಿಕೊಂಡವರ ಪತ್ನಿಯರಿಗೆ ಸೇನೆಯ ಹೆಚ್ಚುವರಿ ಗಾಡಿ ಹಂಚುವ ಯೋಜನೆ ಬೇರೆ ಇದೆ. ಅಂಥವರು ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಬೇಕು. ಅವರ ಹೆಸರಲ್ಲಿ ನಾವು ದುಡ್ಡು ಹಾಕಿ ತೆಗೆಸುವ ಉಪಾಯ ಮಾತ್ರ ಬೇಡ. ಗಾಡಿ ಅವರದ್ದು, ದುಡ್ಡು ನಮ್ಮದು ಎಂದಾದರೆ ಜಗಳ ಆದ ದಿನ ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಕಾಗದದ ಸರಪಳಿ

ವಿಚಾರಣೆ ಮಾಡುವಾಗ ಸೇನೆಯ ಇ.ಎಂ.ಇ. ವಿಭಾಗದಲ್ಲಿ ಗಾಡಿ ರಿಪೇರಿ ಮಾಡಿ ನಿವೃತ್ತರಾದ ಕೊಡಗಿನ ಹವಾಲ್ದಾರರೊಬ್ಬರ ಪರಿಚಯವಾಯಿತು. ಎಂಜಿನ್ ಹೇಗೆ ಪರೀಕ್ಷೆ ಮಾಡುವುದು ಎಂದು ಕೇಳಲಿಕ್ಕೆ ಹೋದವನು ನಾನು. ಅವರು ಹೇಳಿದ್ದು, "ಎಂಜಿನ್ ಕೆಟ್ಟರೆ ನಾನು ಸರಿ ಮಾಡಿ ಕೊಡ್ತೇನೆ ಮಾರಾಯ್ರೆ. ಕಾಗದ ಕೆಟ್ಟರೆ ಯಾರ ಹತ್ರ ಹೋಗ್ತೀರಿ?"

ಅವರ ಮಾತಿನ ಹಿಂದೆ ಕಾಯಿದೆ ಇದೆ. ಸೇನೆಯ ಗಾಡಿಗೆ ನಮ್ಮ ಆರ್.ಟಿ.ಓ. ನೋಂದಣಿ ಇರುವುದಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 60ನೇ ಕಲಮಿನ ಪ್ರಕಾರ ರಕ್ಷಣೆಗೆ ಬಳಸುವ ಗಾಡಿಗೆ ಬೇರೆಯೇ ನೋಂದಣಿ. ನಂಬರ್ ಪ್ಲೇಟಿನಲ್ಲಿ ಮೇಲ್ಮುಖದ ಬಾಣ, ಅದರ ನಂತರದ ಎರಡು ಅಂಕಿ ಗಾಡಿ ಸೇನೆ ಸೇರಿದ ವರ್ಷ. ರಕ್ಷಣೆಯ ಬಳಕೆ ನಿಂತ ಮೇಲೆ ಅದು ಸಾಮಾನ್ಯ ಗಾಡಿಯಂತೆ ನೋಂದಣಿಯಾಗಬೇಕು. ಹಾಗೆ ನೋಂದಣಿಗೆ ಅರ್ಜಿ ಹಾಕುವಾಗ ಸೇನೆಯ ಅಧಿಕಾರಿಗಳು ಕೊಟ್ಟ ನಮೂನೆ 21ರ ಮಾರಾಟ ಪತ್ರದ ಮೂಲಪ್ರತಿ ಲಗತ್ತಿಸಬೇಕು ಎಂದು ಕೇಂದ್ರ ಮೋಟಾರು ವಾಹನ ನಿಯಮ 47 ಹೇಳುತ್ತದೆ. ಮೂಲಪ್ರತಿ ಎಂಬ ಶಬ್ದ ನೆನಪಿಡಿ. ಜೆರಾಕ್ಸ್ ತೋರಿಸಿ "ಒರಿಜಿನಲ್ ಬೆಂಗಳೂರಲ್ಲಿದೆ, ಆಮೇಲೆ ಕಳಿಸ್ತೇನೆ" ಎನ್ನುವವನಿಗೆ ಅಡ್ವಾನ್ಸ್ ಕೊಡಬಾರದು. ಆ ಪತ್ರದಲ್ಲಿರುವ ಚಾಸಿ ನಂಬರ್, ಎಂಜಿನ್ ನಂಬರ್ ಗಾಡಿಯಲ್ಲಿ ಕೊರೆದದ್ದಕ್ಕೆ ತಾಳೆಯಾಗಬೇಕು. ನಂಬರಿನ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೆ ಅಚ್ಚು ಮೂಡುತ್ತದೆ. ಅಂಕಿ ವಕ್ರವಾಗಿದ್ದರೆ, ಸುತ್ತ ಗ್ರೈಂಡರಿನ ಗೀರು ಇದ್ದರೆ ಅಲ್ಲಿಂದಲೇ ವಾಪಸು ಬನ್ನಿ, ಚಾ ಕೂಡ ಕುಡಿಯಬೇಡಿ.

ನಮ್ಮಿಂದ ಎಂಟು ಕಿಲೋಮೀಟರ್ ದೂರದ ಒಬ್ಬ ಕೃಷಿಕರಿಗೆ ಬ್ರೋಕರ್ ಒಬ್ಬ ಇಂಥದೇ ಜೀಪು ಕೊಟ್ಟಿದ್ದ. ಆರ್.ಸಿ. ಇತ್ತು, ನಂಬರ್ ಇತ್ತು, ಎಂಟು ತಿಂಗಳು ಚೆನ್ನಾಗಿಯೇ ಓಡಿತು. ಒಮ್ಮೆ ಘಟ್ಟದ ದಾರಿಯಲ್ಲಿ ತಪಾಸಣೆಗೆ ಸಿಕ್ಕಿದಾಗ ಆರ್.ಸಿ. ಬೇರೊಂದು ಹಳೇ ಜೀಪಿನದ್ದು ಎಂದು ಗೊತ್ತಾಯಿತು. ಮೂಲ ಜೀಪು ಯಾವಾಗಲೋ ಗುಜರಿಯಾಗಿ, ಅದರ ಕಾಗದ ಮಾತ್ರ ಜೀವಂತವಿತ್ತು. ಗಾಡಿ ಠಾಣೆಯ ಹಿತ್ತಿಲಲ್ಲಿ ಎರಡು ಮಳೆಗಾಲ ಕಂಡಿತು. ಬ್ರೋಕರನ ಫೋನ್ ಬಂದ್. ಒಂದು ವರ್ಷದ ಕಾಳುಮೆಣಸಿನ ದುಡ್ಡು ಹೋದದ್ದಲ್ಲದೆ ಇವರೇ ಕೋರ್ಟಿಗೆ ಅಲೆಯಬೇಕಾಯಿತು. ಆ ಎಂಟು ತಿಂಗಳಲ್ಲಿ ಕೆಲಸದವರನ್ನು ಕೂರಿಸಿಕೊಂಡು ಹೋಗುವಾಗ ಏನಾದರೂ ಆಗಿದ್ದರೆ ವಿಮೆ ಸಿಗುತ್ತಿರಲಿಲ್ಲ, ಪರಿಹಾರ ತೋಟದ ಮೇಲೆಯೇ ಬೀಳುತ್ತಿತ್ತು. ಅದನ್ನು ನೆನೆಸಿದರೆ ದುಡ್ಡು ಹೋದದ್ದು ಸಣ್ಣದು ಎಂದು ಅವರೇ ಹೇಳುತ್ತಾರೆ.

"ತೋಟದೊಳಗೆ ಮಾತ್ರ ಓಡಿಸ್ತೇನೆ, ಕಾಗದ ಯಾಕೆ?" ಎನ್ನುವವರೂ ಇದ್ದಾರೆ. ಕಾಯಿದೆಯ 39ನೇ ಕಲಮು ಸಾರ್ವಜನಿಕ ಸ್ಥಳದಲ್ಲಿ ಮಾತ್ರವಲ್ಲ, ಬೇರೆ ಯಾವುದೇ ಸ್ಥಳದಲ್ಲೂ ನೋಂದಣಿ ಇಲ್ಲದ ಗಾಡಿ ಓಡಿಸಬಾರದು ಎನ್ನುತ್ತದೆ. ಅಷ್ಟಕ್ಕೂ ಪಂಚಾಯತು ರಸ್ತೆ ದಾಟದೆ ತೋಟಕ್ಕೆ ಹೋಗುವ ಭಾಗ್ಯ ಎಷ್ಟು ಜನಕ್ಕಿದೆ?

ಇದನ್ನೆಲ್ಲ ನೋಡಿ ನಾವು ಹರಾಜಿನ ಸಹವಾಸ ಬಿಟ್ಟೆವು. ಆಗಲೇ ಕರ್ನಾಟಕದಲ್ಲಿ ನೋಂದಣಿಯಾಗಿ, ಒಬ್ಬರ ಹೆಸರಲ್ಲಿ ಕೆಲವು ವರ್ಷ ಓಡಿದ್ದನ್ನು ಹುಡುಕಿದೆವು. ಸಣ್ಣ ಕೃಷಿಕರಿಗೆ ನಾನು ಹೇಳುವ ದಾರಿಯೂ ಇದೇ. ಬೆಲೆ ಸ್ವಲ್ಪ ಹೆಚ್ಚು, ಆದರೆ ಆರ್.ಟಿ.ಓ. ಕೆಲಸವನ್ನು ಮೊದಲಿನವರು ಮುಗಿಸಿರುತ್ತಾರೆ. ಆರ್.ಸಿ. ನಂಬರ್ ಹಾಕಿದರೆ ಸರಕಾರದ ಪರಿವಾಹನ್ ತಾಣದಲ್ಲಿ ಗಾಡಿಯ ಜಾತಕ ಸಿಗುತ್ತದೆ. ನೋಂದಣಿ ದಿನ, ವಿಮೆ, ಅವಧಿ ಎಲ್ಲ ನೋಡಬಹುದು. ಹೆಸರು ಬದಲಾವಣೆಗೆ ನಮೂನೆ 29 ಮತ್ತು 30. ಹೊರರಾಜ್ಯದ ಗಾಡಿಯಾದರೆ ನಮೂನೆ 28ರ ನಿರಾಕ್ಷೇಪಣಾ ಪತ್ರ ಬೇಕು, ಇಲ್ಲಿ ತೆರಿಗೆ ಬೇರೆ ಕಟ್ಟಬೇಕು. ಕಾಗದದ ನಕಲು ಹಿಡಿದುಕೊಂಡು ದುಡ್ಡು ಕೊಡುವ ಮೊದಲೇ ನಿಮ್ಮ ಆರ್.ಟಿ.ಓ. ಕಚೇರಿಗೆ ಒಮ್ಮೆ ಹೋಗಿ ಬನ್ನಿ. ಅರ್ಧ ದಿನದ ಕೆಲಸ ಹೋಗುತ್ತದೆ, ಹೋಗಲಿ.

ವಯಸ್ಸಿನ ಲೆಕ್ಕವೂ ಮುಖ್ಯ. ಖಾಸಗಿ ಗಾಡಿಯ ಆರ್.ಸಿ. 15 ವರ್ಷಕ್ಕೆ, ಆಮೇಲೆ ಪರೀಕ್ಷೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಣ. 2022ರ ಏಪ್ರಿಲಿನಿಂದ ಲಘು ವಾಹನದ ನವೀಕರಣ ಶುಲ್ಕ 5,000 ರೂಪಾಯಿ ಆಯಿತು. 2025ರ ಆಗಸ್ಟಿನಲ್ಲಿ ಬಂದ ತಿದ್ದುಪಡಿಯಲ್ಲಿ 20 ವರ್ಷ ದಾಟಿದ್ದಕ್ಕೆ 10,000 ಮಾಡಿದರು. ಡಿಸ್ಪೋಸಲ್ ಗಾಡಿಗಳಲ್ಲಿ ಹೆಚ್ಚಿನವು ಈ ಗಡಿಯ ಆಸುಪಾಸಿನಲ್ಲೇ ಇರುತ್ತವೆ. ಇನ್ನೊಂದು ಮಾತು, "ಸರಕಾರಿ ಇಲಾಖೆಯ ಹಳೇ ಜೀಪು ಹರಾಜಿಗಿದೆ" ಎಂದು ಬರುವವರ ಬಗ್ಗೆ. 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರಕಾರಿ ಗಾಡಿಯ ನೋಂದಣಿ ನವೀಕರಿಸುವಂತಿಲ್ಲ, ಅದು ನೋಂದಾಯಿತ ಗುಜರಿ ಕೇಂದ್ರಕ್ಕೇ ಹೋಗಬೇಕು. ರಕ್ಷಣೆಯ ಕಾರ್ಯಾಚರಣೆಗೆ ಬಳಸುವ ವಿಶೇಷ ಗಾಡಿಗಳಿಗೆ ಇದರಿಂದ ವಿನಾಯಿತಿ ಕೊಟ್ಟಿದ್ದಾರೆ. ಉಳಿದ ಇಲಾಖೆಗಳ ಮುದಿ ಜೀಪಿನ ಆಸೆ ಬಿಡುವುದೇ ಒಳ್ಳೆಯದು.

ಬಣ್ಣ ಮತ್ತು ಎಂಜಿನ್

ಮಿಲಿಟರಿ ಹಸಿರು ಬಣ್ಣಕ್ಕೆ ಮರುಳಾಗುವ ಹುಡುಗರು ಬಹಳ. ರಕ್ಷಣಾ ಇಲಾಖೆಯದ್ದಲ್ಲದ ಗಾಡಿಗೆ ಆಲಿವ್ ಹಸಿರು ಬಳಿಯಬಾರದು ಎಂದು ನಿಯಮ 121ರಲ್ಲೇ ಇದೆ. ನಮ್ಮದು ಬಿಳಿ. ಕೆಸರು ಬಿದ್ದ ಮೇಲೆ ಯಾವ ಬಣ್ಣವಾದರೇನು.

ಡೀಸೆಲ್ ಎಂಜಿನ್ ಕೂರಿಸುವ ಆಲೋಚನೆ ಎಲ್ಲರಿಗೂ ಬರುತ್ತದೆ, ನಮ್ಮಲ್ಲೂ ಬಂತು. ಕಾಯಿದೆಯ 52ನೇ ಕಲಮಿನ ಪ್ರಕಾರ ತಯಾರಕರು ಕೊಟ್ಟ ವಿವರ ಬದಲಾಗುವ ಹಾಗೆ ಗಾಡಿಯನ್ನು ಮಾರ್ಪಡಿಸಬಾರದು. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಇದನ್ನು ಇನ್ನಷ್ಟು ಖಡಾಖಂಡಿತ ಮಾಡಿತು. ಅದೇ ಕಂಪೆನಿಯ ಅದೇ ಜಾತಿಯ ಎಂಜಿನ್ ಹಾಕಿ ಹೊಸ ನಂಬರನ್ನು ಆರ್.ಸಿ.ಯಲ್ಲಿ ಬರೆಸುವುದು ಬೇರೆ ಮಾತು. ಪೆಟ್ರೋಲ್ ಜಿಪ್ಸಿಯಲ್ಲಿ ಇನ್ನೊಂದು ಕಂಪೆನಿಯ ಡೀಸೆಲ್ ಎಂಜಿನ್ ಕೂತಿದ್ದು, ಆರ್.ಸಿ.ಯಲ್ಲಿ ಅದರ ಸುದ್ದಿ ಇಲ್ಲದಿದ್ದರೆ ಎಷ್ಟೇ ಮೈಲೇಜ್ ಕೊಟ್ಟರೂ ಬೇಡ.

ಕಬ್ಬಿಣ ನೋಡುವ ಕ್ರಮ

ಸೇನೆಯ ಗಾಡಿ ಓಡಿ ಸವೆಯುವುದಕ್ಕಿಂತ ನಿಂತು ಹಾಳಾಗುವುದೇ ಹೆಚ್ಚು. ಮೀಟರಿನಲ್ಲಿ ಕಿಲೋಮೀಟರ್ ಕಮ್ಮಿ ಇರುತ್ತದೆ, ಅದನ್ನೇ ನಂಬಬಾರದು. ರಬ್ಬರಿನದ್ದೆಲ್ಲ ಸತ್ತಿರುತ್ತದೆ. ಬ್ರೇಕ್ ಸಿಲಿಂಡರಿನ ವಾಷರ್, ಪೆಟ್ರೋಲ್ ಪೈಪು, ಫ್ಯಾನ್ ಬೆಲ್ಟು, ರೇಡಿಯೇಟರ್ ಪೈಪು ಇಷ್ಟನ್ನು ನೋಡದೆಯೇ ಬದಲಿಸಿ. ಈಗ ಬಂಕಿನಲ್ಲಿ ಬರುವ ಪೆಟ್ರೋಲಿನಲ್ಲಿ ಶೇಕಡಾ 20 ಎಥನಾಲ್, ಹಳೇ ರಬ್ಬರ್ ಪೈಪಿಗೆ ಅದು ಆಗಿಬರುವುದಿಲ್ಲ. ಎಥನಾಲಿಗೆ ತಡೆಯುವ ಪೈಪು ಕೇಳಿ ಹಾಕಿಸಿ. ಟ್ಯಾಂಕನ್ನು ಇಳಿಸಿ ಒಳಗೆ ಟಾರ್ಚ್ ಹಾಕಿ ನೋಡಿ, ತುಕ್ಕಿನ ಚೂರು ಕಂಡರೆ ತೊಳೆಸಲೇಬೇಕು.

ಟಯರಿನ ಪಕ್ಕದಲ್ಲಿ ಅಂಡಾಕಾರದೊಳಗೆ ನಾಲ್ಕು ಅಂಕಿ ಇರುತ್ತದೆ. 2315 ಎಂದಿದ್ದರೆ 2015ರ 23ನೇ ವಾರ ತಯಾರಾದದ್ದು. ಗುಂಡಿ ಆಳ ಇದ್ದರೂ ಅಂಥ ಟಯರ್ ಇಳಿಜಾರಿನಲ್ಲಿ ನಂಬುವಂಥದ್ದಲ್ಲ.

ಚಾಸಿಯನ್ನು ಅಡಿಯಿಂದ ನೋಡಬೇಕು. ಸ್ಪ್ರಿಂಗ್ ಪಟ್ಟಿ ಚಾಸಿಗೆ ಕೂರುವ ಕೊಂಡಿಗಳ ಹತ್ತಿರ ಸಣ್ಣ ಸುತ್ತಿಗೆಯಿಂದ ಬಡಿಯಿರಿ. ಟಣ್ ಎಂದರೆ ಸರಿ, ಮೊಂಡು ಶಬ್ದ ಬಂದರೆ ಒಳಗಿಂದ ತಿಂದಿದೆ. ನಮ್ಮ ಕರಾವಳಿಯ ಗಾಳಿಗೆ, ಮಳೆಗೆ ತಗಡು ಬೇಗ ಹೋಗುತ್ತದೆ. ಒಣ ಪ್ರದೇಶದಲ್ಲಿದ್ದ ಗಾಡಿಯಾದರೆ ಲಾಭ. ತಗಡಿಗೆ ತೇಪೆ ಹಾಕಬಹುದು, ಚಾಸಿಯಲ್ಲಿ ತುಕ್ಕು ಹಿಡಿದರೆ ಮುಗಿಯಿತು.

ಕೊನೆಗೆ ಫೋರ್ ವೀಲ್. ಇಷ್ಟಕ್ಕೇ ಅಲ್ಲವೇ ನಾವು ಈ ಗಾಡಿ ತೆಗೆದುಕೊಳ್ಳುವುದು! ಮುಂದಿನ ಹಬ್ ಲಾಕ್ ಮಾಡಿ, ಸಣ್ಣ ಲಿವರನ್ನು ಲೋ ಗೇರಿಗೆ ಹಾಕಿ ಏರು ಹತ್ತಿಸಿ, ಅರ್ಧದಲ್ಲಿ ನಿಲ್ಲಿಸಿ ಮತ್ತೆ ಎಬ್ಬಿಸಿ. ಇಳಿಯುವಾಗ ಆಕ್ಸಿಲರೇಟರ್ ಬಿಟ್ಟರೆ ಲಿವರ್ ತಾನಾಗಿ ಹಾರಬಾರದು. ಹಾರಿದರೆ ಟ್ರಾನ್ಸ್‌ಫರ್ ಕೇಸ್ ಬಿಚ್ಚುವ ಖರ್ಚಿದೆ. ಆಕ್ಸಲಿನ ಎಣ್ಣೆ ಬೆಳ್ಳಗೆ ಮಜ್ಜಿಗೆಯಂತಿದ್ದರೆ ನೀರು ಹೊಕ್ಕಿದೆ ಎಂದರ್ಥ. ಒಣಗಿದ ಡಾಮರಿನಲ್ಲಿ ಫೋರ್ ವೀಲ್ ಹಾಕಿ ಓಡಿಸಬಾರದು. ಈ ಗಾಡಿಗಳಲ್ಲಿ ಮುಂದಿನ ಹಿಂದಿನ ಚಕ್ರದ ನಡುವೆ ಡಿಫರೆನ್ಷಿಯಲ್ ಇಲ್ಲ, ತಿರುವಿನಲ್ಲಿ ಹಲ್ಲಿಗೆ ಹಲ್ಲು ಕಚ್ಚಿಕೊಳ್ಳುತ್ತದೆ.

ನಮ್ಮ ಲೆಕ್ಕ

ಬೆಲೆ 2,10,000 ಆಯಿತು, ಮನೆಗೆ 70,000. 2024ರ ಜೂನಿನಿಂದ 2025ರ ಮೇ ತನಕ ಪುಸ್ತಕದಲ್ಲಿ ಬರೆದ ಪ್ರಕಾರ 212 ಸಲ ಗಾಡಿ ಹೊರಟಿದೆ, ಓಡಿದ್ದು 2,310 ಕಿಲೋಮೀಟರ್. ಪೆಟ್ರೋಲ್ 262 ಲೀಟರ್, ಸುಮಾರು 26,700 ರೂಪಾಯಿ. ಡಾಮರಿನಲ್ಲಿ ಹನ್ನೊಂದು ಕೊಡುವ ಗಾಡಿ ನಮ್ಮ ಏರಿನ ದೆಸೆಯಿಂದ ಸರಾಸರಿ ಒಂಬತ್ತೂ ಕೊಡಲಿಲ್ಲ. ವಿಮೆ 4,500. ಮೊದಲ ವರ್ಷದ ರಿಪೇರಿ, ಟಯರ್ ಎಲ್ಲ ಸೇರಿ 31,000. ಒಟ್ಟು 62,200, ಅಂದರೆ ಸಲಕ್ಕೆ 293 ರೂಪಾಯಿ. ನಮ್ಮಲ್ಲಿ ಬಾಡಿಗೆ ಜೀಪಿಗೆ ಒಂದು ಸಲಕ್ಕೆ 400. ಹಾಕಿದ ಬಂಡವಾಳ ಲೆಕ್ಕಕ್ಕೆ ಹಿಡಿದರೆ ಉಳಿತಾಯ ಏನೂ ದೊಡ್ಡದಲ್ಲ. ಒಬ್ಬನೇ ತೆಗೆದುಕೊಂಡು ವರ್ಷಕ್ಕೆ ಅರುವತ್ತು ಎಪ್ಪತ್ತು ಸಲ ಓಡಿಸುವವನಿಗೆ ನಷ್ಟವೇ, ಅವನು ಬಾಡಿಗೆ ಜೀಪನ್ನೇ ಕರೆಯಲಿ. ನಮಗೆ ದಕ್ಕಿದ್ದು ಆ 212ರಲ್ಲಿ ರಾತ್ರಿ ಹೊರಟ ಒಂಬತ್ತು ಸಲ. ಅದರಲ್ಲಿ ಒಂದು ಜುಲೈ ತಿಂಗಳ ಎರಡು ಗಂಟೆ ರಾತ್ರಿ, ಮೇಲಿನ ಮನೆಯ ಅಜ್ಜಿಗೆ ಉಸಿರು ಕಟ್ಟಿದಾಗ. ತೋಡಿನಲ್ಲಿ ಮೊಣಕಾಲು ನೀರಿತ್ತು. ಅಜ್ಜಿ ಈಗಲೂ ಅಡಿಕೆ ಸುಲಿಯುತ್ತಾರೆ.

ಕೂಡಿ ಕೊಳ್ಳುವವರು ಛಾಪಾ ಕಾಗದದಲ್ಲಿ ಕರಾರು ಮಾಡಿಕೊಳ್ಳುವುದು ಒಳ್ಳೆಯದು, ಅಣ್ಣತಮ್ಮಂದಿರಾದರೂ ಸರಿ. ನಮ್ಮಲ್ಲಿ ಆರ್.ಸಿ. ನನ್ನ ಹೆಸರಲ್ಲಿದೆ. ಹೆಸರಿದ್ದವನ ಮೇಲೆಯೇ ಕಾನೂನಿನ ಹೊಣೆ. ಹಾಗಾಗಿ ಲೈಸೆನ್ಸ್ ಇಲ್ಲದವರಿಗೆ ಸ್ಟೇರಿಂಗ್ ಇಲ್ಲ ಎಂಬುದು ಕರಾರಿನ ಮೊದಲ ಸಾಲು. ವಿಮೆಯ ಜತೆ ಬರುವ 15 ಲಕ್ಷದ ಅಪಘಾತ ರಕ್ಷಣೆ ಮಾಲೀಕ ತಾನೇ ಓಡಿಸುವಾಗ ಅವನಿಗೆ ಮಾತ್ರ. ಉಳಿದ ಇಬ್ಬರು ತಮ್ಮ ಹೆಸರಲ್ಲಿ ಪ್ರತ್ಯೇಕ ಅಪಘಾತ ವಿಮೆ ಮಾಡಿಸಿದ್ದಾರೆ. ಖಾಸಗಿ ನೋಂದಣಿಯ ಗಾಡಿಯಾದ್ದರಿಂದ ಬೇರೆಯವರ ಸಾಮಾನು, ಜನ ಬಾಡಿಗೆಗೆ ಹಾಕುವ ಹಾಗಿಲ್ಲ. ಪೆಟ್ರೋಲ್ ಓಡಿಸಿದವರದ್ದು, ಕಿಲೋಮೀಟರ್ ಬರೆದಿಡಬೇಕು. ವಿಮೆ ಮತ್ತು ರಿಪೇರಿ ಸಮಪಾಲು. ಯಾರಾದರೂ ಬಿಟ್ಟು ಹೋಗುವುದಾದರೆ ಆ ದಿನದ ಬೆಲೆಯನ್ನು ಊರಿನ ಮೆಕ್ಯಾನಿಕ್ ಹೇಳಬೇಕು, ಉಳಿದವರು ಎರಡು ಅಡಿಕೆ ಕೊಯ್ಲಿನೊಳಗೆ ಪಾಲು ಕೊಡಬೇಕು. ಕೀ ನಡುವಿನ ಮನೆಯ ಚಾವಡಿಯಲ್ಲಿ, ಪುಸ್ತಕವೂ ಅದೇ ಮೊಳೆಯಲ್ಲಿ.